ಮನೆ ಕಳ್ಳತನ ತಡೆಯೋದು ಹೇಗೆ? ಬೀಗ, ಬಾಗಿಲು, ಕ್ಯಾಮೆರಾ, ಒಡವೆ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಮೈಸೂರಲ್ಲಿ ಹಾರ್ಡ್‌ವೇರ್ ಅಂಗಡಿ ನಮ್ಮದು. ದಸರಾ ರಜೆ, ಬೇಸಿಗೆ ರಜೆ ಹತ್ರ ಬಂತು ಅಂದ್ರೆ ಬೀಗ ಕೇಳ್ಕೊಂಡು ಬರೋರು ಜಾಸ್ತಿ, ಪಕ್ಕದ ಬೀದೀಲಿ ಕಳ್ಳತನ ಆಯ್ತು ಅಂದ್ರೆ ಮಾರನೇ ದಿನ ಇನ್ನೂ ಜಾಸ್ತಿ. ಎಲ್ಲರೂ ಹೆಚ್ಚುಕಮ್ಮಿ ಅದದೇ ಪ್ರಶ್ನೆ ಕೇಳ್ತಾರೆ, ಅದಕ್ಕೆ ಒಂದೇ ಕಡೆ ಬರೆದಿಟ್ಟಿದೀನಿ. ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ: ಕಳ್ಳನಿಗೆ ಬೇಕಾಗಿರೋದು ಎರಡೇ, ಖಾಲಿ ಮನೆ ಮತ್ತೆ ಒಂದಿಷ್ಟು ಟೈಮು. ಕೆಳಗೆ ಇರೋದೆಲ್ಲಾ ಈ ಎರಡನ್ನ ಅವನಿಗೆ ಸಿಗದ ಹಾಗೆ ಮಾಡೋದು ಹೇಗೆ ಅನ್ನೋದೇ.

ದುಡ್ಡು ಕಮ್ಮಿ ಇದೆ, ಒಂದೇ ಒಂದು ಕೆಲಸ ಮಾಡ್ಸೋದಾದ್ರೆ ಏನ್ ಮಾಡ್ಸ್ಲಿ?

ಮುಂಬಾಗಿಲು. ಕ್ಯಾಮೆರಾ ಅಲ್ಲ, ಅಲಾರಂ ಅಲ್ಲ, ಬಾಗಿಲು.

ಸುಮಾರು ಮನೆಗಳಲ್ಲಿ ಏನಿರುತ್ತೆ ಅಂದ್ರೆ, ಹೊರಗಡೆ ಒಂದು ಆಲ್ಡ್ರಾಪ್ ಇಲ್ಲಾ ಕೊಂಡಿ, ಅದಕ್ಕೆ ಸಾವಿರಾರು ರೂಪಾಯಿ ಕೊಟ್ಟು ತಂದ ದಪ್ಪ ಬೀಗ. ಬೀಗ ಒಳ್ಳೇದೇ, ಆದ್ರೆ ಅದು ನೇತಾಡ್ತಿರೋ ಕೊಂಡಿ ನಿಂತಿರೋದು ಮುಕ್ಕಾಲು ಇಂಚಿನ ನಾಲ್ಕು ಸ್ಕ್ರೂ ಮೇಲೆ. ಕಳ್ಳ ಬೀಗದ ತಂಟೆಗೇ ಹೋಗಲ್ಲ, ಕೊಂಡಿ ಹಿಂದೆ ಒಂದು ರಾಡ್ ಸಿಕ್ಕಿಸಿ ಮೀಟ್ತಾನೆ, ಸ್ಕ್ರೂ ಮರದ ಪುಡಿ ಸಮೇತ ಕಿತ್ಕೊಂಡು ಬರುತ್ತೆ, ಬೀಗ ಹಾಕಿದ ಹಾಗೇ ಕೊಂಡೀಲಿ ನೇತಾಡ್ತಾ ಇರುತ್ತೆ. ಪೇಪರ್‌ನಲ್ಲಿ "ಬಾಗಿಲು ಮೀಟಿ ಕಳ್ಳತನ" ಅಂತ ಓದ್ತೀವಲ್ಲ, ಅದು ಇದೇ.

ಅದಕ್ಕೇ ಮೊದಲು ಕಾರ್ಪೆಂಟರ್ ಕರ್ಸಿ ಚೌಕಟ್ಟು ನೋಡ್ಸಿ. ಗೆದ್ದಲು ಹಿಡಿದಿದ್ರೆ, ಮಳೆನೀರು ಬಿದ್ದು ಕೆಳಗಡೆ ಮೆತ್ತಗಾಗಿದ್ರೆ ಅಲ್ಲಿಗೆ ಎಂಥ ಬೀಗ ಹಾಕಿದ್ರೂ ದಂಡ. ಚೌಕಟ್ಟು ಗಟ್ಟಿ ಇದ್ರೆ ಬೀಗದ ನಾಲಿಗೆ ಹೋಗಿ ಕೂರೋ ತಗಡು ಇರುತ್ತಲ್ಲ, ಅದರ ಸಣ್ಣ ಸ್ಕ್ರೂ ತೆಗೆಸಿ ಎರಡೂವರೆ ಮೂರು ಇಂಚಿನ ಸ್ಕ್ರೂ ಹಾಕ್ಸಿ. ಹೊರಗಡೆ ಕೊಂಡಿ ಇರಲೇಬೇಕು ಅಂದ್ರೆ ಸ್ಕ್ರೂ ಬದಲು ಬಾಗಿಲ ಆಚೆ ಈಚೆ ಹಾದು ಹೋಗೋ ನಟ್ಟು ಬೋಲ್ಟ್ ಹಾಕ್ಸಿ, ನಟ್ಟು ಒಳಗಡೆ ಬರೋ ಹಾಗೆ. ಖರ್ಚು ಕಮ್ಮಿ, ಆದ್ರೆ ಮೀಟೋನಿಗೆ ಬೆವರು ಬರುತ್ತೆ, ಸದ್ದೂ ಆಗುತ್ತೆ.

ಸರಿ, ಬೀಗ ಎಂಥದ್ದು ತಗೊಳ್ಳೋದು?

ಬಾಗಿಲ ಒಳಗೇ ಕೂರೋ ಮಾರ್ಟಿಸ್ ಲಾಕ್, ಇಲ್ಲಾ ಒಳಮೈಗೆ ಹಾಕೋ ನೈಟ್ ಲ್ಯಾಚ್, ನಾಲಿಗೆ ಎರಡು ಮೂರು ಸುತ್ತು ಹೊರಗೆ ಬರೋ ಅಂಥದ್ದು. ಇದರ ದೊಡ್ಡ ಲಾಭ ಏನಂದ್ರೆ ಹೊರಗಿಂದ ನೋಡಿದ್ರೆ ಮನೇಲಿ ಜನ ಇದಾರೋ ಇಲ್ವೋ ಗೊತ್ತಾಗಲ್ಲ. ನೇತಾಡೋ ಬೀಗ "ನಾವು ಊರಲ್ಲಿಲ್ಲ" ಅಂತ ಬೋರ್ಡ್ ಹಾಕಿದ ಹಾಗೆ. ಗೇಟಿಗೂ ಅಷ್ಟೇ, ಬೀಗ ಹೊರಗಡೆ ಕಾಣೋ ಹಾಗೆ ಹಾಕ್ಬೇಡಿ, ಕೈ ಒಳಗೆ ಹಾಕಿ ಒಳಗಡೆಯಿಂದ ಹಾಕಿ, ಆಗಲ್ಲ ಅಂದ್ರೆ ಬೇರೆ ದಿನ ಹೇಗೆ ಹಾಕ್ತೀರೋ ಅದೇ ಥರ ಇರ್ಲಿ.

ನೈಟ್ ಲ್ಯಾಚ್ ಇದ್ದೂ ಬರೀ ಬಾಗಿಲು ಎಳ್ಕೊಂಡು ಹೋಗೋರು ತುಂಬಾ ಜನ. ಬಾಗಿಲು ಎಳೆದಾಗ ಬೀಳೋದು ಸ್ಪ್ರಿಂಗ್ ನಾಲಿಗೆ ಮಾತ್ರ, ಅದನ್ನ ತೆಳ್ಳಗಿನ ತಗಡಲ್ಲೇ ಹಿಂದಕ್ಕೆ ತಳ್ಳಬಹುದು. ಕೀ ಹಾಕಿ ಪೂರ್ತಿ ತಿರುಗಿಸಿ, ಅರ್ಧ ನಿಮಿಷದ ಕೆಲಸ.

ಡಿಜಿಟಲ್ ಲಾಕ್, ಬೆರಳಚ್ಚು ಲಾಕ್ ಸೇಫಾ?

ಒಳ್ಳೆ ಕಂಪನೀದು ಆದ್ರೆ ಸೇಫೇ, ಮಕ್ಕಳ ಕೈಗೆ ಕೀ ಕೊಡೋ ತಾಪತ್ರಯ ಇಲ್ಲ, ಕೆಲಸದವರಿಗೆ ಬೇರೆ ಪಿನ್ ಕೊಟ್ಟು ಆಮೇಲೆ ಅಳಿಸಬಹುದು. ಬ್ಯಾಟರಿ ಮುಗಿಯೋ ಮುಂಚೆ ಕೂಗುತ್ತೆ, ಆ ಕೂಗು ಕೇಳಿಯೂ ಸುಮ್ಮನಿದ್ರೆ ಹೊರಗೆ ನಿಂತ್ಕೋಬೇಕಾಗುತ್ತೆ ಅಷ್ಟೆ (ಸುಮಾರು ಮಾಡೆಲ್‌ಗಳಲ್ಲಿ ಹೊರಗಡೆಯಿಂದ 9 ವೋಲ್ಟ್ ಬ್ಯಾಟರಿ ಇಲ್ಲಾ ಪವರ್ ಬ್ಯಾಂಕ್ ತಾಗಿಸಿ ತೆಗೆಯೋ ವ್ಯವಸ್ಥೆ ಇದೆ, ತಗೊಳ್ಳೋವಾಗ ಕೇಳಿ). ಆದ್ರೆ ಇಪ್ಪತ್ತು ಸಾವಿರದ ಲಾಕ್ ತಂದು ಟೊಳ್ಳು ಫ್ಲಶ್ ಡೋರ್‌ಗೆ ಹಾಕ್ಸೋರನ್ನ ನೋಡಿದ್ರೆ ನನಗೆ ಸಂಕಟ ಆಗುತ್ತೆ, ವ್ಯಾಪಾರ ಆಯ್ತು ಅನ್ನೋದು ಬೇರೆ ಮಾತು.

ಮುಂಬಾಗಿಲು ಗಟ್ಟಿ ಮಾಡ್ಸಿದ್ವಿ, ಇನ್ನೆಲ್ಲಿಂದ ಬರ್ತಾನೆ?

ಹಿಂದಿನಿಂದ. ಯುಟಿಲಿಟಿ ಬಾಗಿಲು ಎಷ್ಟೋ ಮನೇಲಿ ಪಿವಿಸಿ ಇರುತ್ತೆ, ಪಾತ್ರೆ ತೊಳೆಯೋ ಜಾಗ ತಾನೇ ಅಂತ. ಟೆರೇಸ್ ಮೇಲಿನ ಹೆಡ್‌ರೂಮ್ ಬಾಗಿಲಿಗೆ ಒಂದು ಸಣ್ಣ ಟವರ್ ಬೋಲ್ಟ್, ಪಕ್ಕದಲ್ಲಿ ಕಟ್ತಿರೋ ಬಿಲ್ಡಿಂಗ್ ಇದ್ರೆ ಅಲ್ಲಿಂದ ನಿಮ್ಮ ಟೆರೇಸಿಗೆ ಒಂದು ಹೆಜ್ಜೆ. ಬಾತ್‌ರೂಮಿನ ವೆಂಟಿಲೇಟರ್‌ನಲ್ಲಿ ಅಡ್ಡ ಗಾಜಿನ ಪಟ್ಟಿಗಳು ಇರುತ್ತಲ್ಲ, ಅದನ್ನ ಒಂದೊಂದೇ ಸದ್ದಿಲ್ಲದೆ ಎಳೆದು ಪಕ್ಕಕ್ಕೆ ಇಡಬಹುದು, ಅದಕ್ಕೆ ಕಬ್ಬಿಣದ ಸರಳು ಹಾಕ್ಸಲೇಬೇಕು. ಕಿಚನ್ ಎಕ್ಸಾಸ್ಟ್ ಫ್ಯಾನ್ ತೂತಿಗೂ ಅಷ್ಟೇ. ಹಳ್ಳಿ ಕಡೆ ಹೆಂಚಿನ ಮನೆ ಆದ್ರೆ ಹೆಂಚು ಸರಿಸಿ ಇಳಿಯೋದು ಹಳೇ ವಿದ್ಯೆ, ಒಡವೆ ಇಡೋ ರೂಮಿಗಾದ್ರೂ ಒಳಗಡೆ ಮರದ ಅಟ್ಟ ಇರೋದು ಒಳ್ಳೇದು.

ಮತ್ತೆ ಏಣಿ. ಪೇಂಟ್ ಮಾಡ್ಸಿದ ಮೇಲೆ ಏಣಿ ಹಿತ್ತಲಲ್ಲೇ ಒರಗಿಸಿ ಬಿಟ್ಟಿರ್ತಾರೆ, ಹಾರೆ, ಪಿಕಾಸಿ ಎಲ್ಲಾ ಗಿಡದ ಪಕ್ಕ. ಕಳ್ಳ ಸಾಮಾನು ಹೊತ್ಕೊಂಡು ಬರೋ ಅವಶ್ಯಕತೆಯೇ ಇಲ್ಲ.

ಕಿಟಕಿ ಗ್ರಿಲ್ ಇದ್ರೆ ಸಾಕಲ್ವಾ?

ಗ್ರಿಲ್ ಹೊರಗಡೆಯಿಂದ ಸ್ಕ್ರೂ ಹೊಡೆದು ಕೂರಿಸಿದ್ರೆ ಸಾಲದು, ಸ್ಕ್ರೂಡ್ರೈವರ್‌ನಲ್ಲೇ ಬಿಚ್ಚಬಹುದು. ಚೌಕಟ್ಟಿನೊಳಗೆ ಇಳಿದಿರಬೇಕು, ಇಲ್ಲಾಂದ್ರೆ ಸ್ಕ್ರೂ ತಲೆ ವೆಲ್ಡ್ ಮಾಡ್ಸಿ. ಇನ್ನೊಂದು ಮುಖ್ಯವಾದದ್ದು: ಎಲ್ಲಾ ಕಿಟಕಿನೂ ಪಂಜರ ಮಾಡ್ಬೇಡಿ. ಬೆಂಕಿ ಬಿದ್ರೆ, ಗ್ಯಾಸ್ ಲೀಕ್ ಆದ್ರೆ ಹೊರಗೆ ಬರೋಕೆ ಒಂದು ಕಿಟಕೀಲಿ ಒಳಗಡೆಯಿಂದ ತೆಗೆಯೋ ಗ್ರಿಲ್ ಇರ್ಲಿ, ಅದರ ಕೀ ಎಲ್ಲಿದೆ ಅಂತ ಮನೆಯವರಿಗೆಲ್ಲಾ ಗೊತ್ತಿರ್ಲಿ.

ಸೆಖೆಗೆ ಕಿಟಕಿ ತೆಗೆದು ಮಲಗೋರು ಕಿಟಕಿ ಪಕ್ಕ ಮೊಬೈಲು, ಪರ್ಸು, ಬೀರು ಕೀ ಇಡ್ಬೇಡಿ. ಕೋಲಿಗೆ ಕೊಕ್ಕೆ ಕಟ್ಟಿ ಎಳ್ಕೊಳ್ತಾರೆ.

ನಾಲ್ಕು ದಿನ ಊರಿಗೆ ಹೋಗ್ತಿದೀವಿ, ಏನೇನ್ ಮಾಡ್ಬೇಕು?

ಮನೆ ಖಾಲಿ ಅಂತ ಹೇಳೋದು ಬೀಗ ಒಂದೇ ಅಲ್ಲ. ನಮ್ಮ ಕಡೆ ಬೆಳಗ್ಗೆ ಎದ್ದು ಬೀದಿ ನೋಡ್ಕೊಂಡು ಹೋದ್ರೆ ಸಾಕು, ಯಾವ ಮನೆ ಮುಂದೆ ನೀರು ಹಾಕಿಲ್ಲ, ರಂಗೋಲಿ ಇಲ್ಲ ಅಂತ ಕಾಣುತ್ತೆ. ಮೊನ್ನೆಯ ರಂಗೋಲಿ ಮಾಸಿ ಹಾಗೇ ಇದೆ, ಗೇಟಲ್ಲಿ ಎರಡು ದಿನದ ಪೇಪರ್ ಸಿಕ್ಕೊಂಡಿದೆ, ಹಾಲಿನ ಪ್ಯಾಕೆಟ್ ಬುಟ್ಟೀಲೇ ಇದೆ, ಪೋರ್ಟಿಕೋ ಲೈಟ್ ಮಧ್ಯಾಹ್ನ ಹನ್ನೆರಡಕ್ಕೂ ಉರೀತಿದೆ. ಇನ್ನೇನು ಬೇಕು ಅವನಿಗೆ. ಹಾಲು ಪೇಪರ್ ನಿಲ್ಸಿ, ಪಕ್ಕದ ಮನೆ ಆಂಟಿಗೆ ಹೇಳಿ ಮುಂದೆ ಒಂದು ಚೊಂಬು ನೀರು ಹಾಕಿ ಎರಡೆಳೆ ರಂಗೋಲಿ ಎಳೆಯೋಕೆ, ಅವರು ಊರಿಗೆ ಹೋದಾಗ ನೀವು ಮಾಡಿ. ಲೈಟ್‌ಗೆ ಟೈಮರ್ ಇಲ್ಲಾ ಕತ್ತಲಾದ್ರೆ ತಾನೇ ಉರಿಯೋ ಸೆನ್ಸರ್ ಹೋಲ್ಡರ್ ಹಾಕಿ, ಒಳಗಡೆ ಒಂದು ರೂಮಿನ ಲೈಟ್‌ಗೂ. ಬಾಗಿಲ ಹತ್ರ ಚಪ್ಪಲಿ ಒಂದೆರಡು ಜೊತೆ ಇರ್ಲಿ.

ಕೀ ಎಲ್ಲೂ ಬಚ್ಚಿಡ್ಬೇಡಿ. ಹೂಕುಂಡದ ಕೆಳಗೆ, ಶೂ ಒಳಗೆ, ಮೀಟರ್ ಬಾಕ್ಸ್ ಮೇಲೆ, ತುಳಸಿ ಕಟ್ಟೆ ಸಂದೀಲಿ, ಇವೆಲ್ಲಾ ನಿಮ್ಮ ಗುಟ್ಟು ಅಂತ ನೀವು ಅಂದ್ಕೊಂಡಿದೀರಿ. ಅವನು ಮೊದಲು ಕೈ ಹಾಕೋದೇ ಅಲ್ಲಿ.

ತಿರುಪತಿ ಕ್ಯೂನಲ್ಲಿ ನಿಂತ ಫೋಟೊ ಸ್ಟೇಟಸ್‌ಗೆ ಹಾಕೋದು ವಾಪಸ್ ಬಂದ ಮೇಲೆ ಹಾಕಿ, ದೇವರೇನು ಬೇಜಾರು ಮಾಡ್ಕೊಳ್ಳಲ್ಲ. ಮದುವೆ ಮನೆಯವರಿಗೆ ಇದು ಇನ್ನೂ ಕಷ್ಟ, ಯಾಕಂದ್ರೆ ಯಾವ ದಿನ ಯಾವ ಛತ್ರದಲ್ಲಿ ಇರ್ತೀರಿ ಅಂತ ಇನ್ವಿಟೇಶನ್‌ನಲ್ಲೇ ಅಚ್ಚು ಹಾಕ್ಸಿ ಊರಿಗೆಲ್ಲಾ ಹಂಚಿರ್ತೀರಿ. ರಿಸೆಪ್ಷನ್ ರಾತ್ರಿ ಮನೇಲಿ ಮಲಗೋಕೆ ಯಾರಾದ್ರೂ ಒಬ್ಬ ನಂಬಿಕಸ್ಥರನ್ನ ಇರ್ಸಿ, ಊಟ ಅಲ್ಲಿಗೇ ಕಳ್ಸಿ.

ವರಮಹಾಲಕ್ಷ್ಮಿ ಹಬ್ಬಕ್ಕೂ ಒಂದು ಮಾತು. ಲಕ್ಷ್ಮಿಗೆ ಲಾಕರ್‌ನಲ್ಲಿದ್ದ ಒಡವೆ ಎಲ್ಲಾ ತಂದು ಹಾಕಿ, ದುಡ್ಡಿನ ಕಂತೆ ಜೋಡಿಸಿ, ಹಾಲ್ ಕಿಟಕಿ ತೆಗೆದು, ಅರಿಶಿನ ಕುಂಕುಮಕ್ಕೆ ಬಂದೋರಿಗೆಲ್ಲಾ ತೋರ್ಸಿ, ರಾತ್ರಿ ವಿಸರ್ಜನೆ ಮಾಡ್ಬಾರ್ದು ಅಂತ ಹಾಗೇ ಬಿಟ್ಟು ಮಲಗ್ತಾರೆ. ಪೂಜೆ ಮುಗಿದ ಮೇಲೆ ಒಂದು ಸರ ಬಿಟ್ಟು ಮಿಕ್ಕಿದ್ದು ಒಳಗಿಡಿ, ಉಮಾಗೋಲ್ಡ್ ಹಾಕಿದ್ರೂ ಲಕ್ಷ್ಮಿ ಚೆನ್ನಾಗೇ ಕಾಣ್ತಾಳೆ.

ಊರಿಗೆ ಹೋಗೋದನ್ನ ಪೊಲೀಸ್ ಸ್ಟೇಷನ್‌ಗೆ ಹೇಳ್ಬೇಕಾ? ಅವರೇನ್ ಕಾವಲು ಕಾಯ್ತಾರಾ?

ಮನೆ ಮುಂದೆ ನಿಂತು ಕಾಯಲ್ಲ, ಆದ್ರೂ ಹೇಳಿ. ಬೀಗ ಹಾಕಿದ ಮನೆಗಳನ್ನ ರಾತ್ರಿ ಬೀಟ್‌ಗೆ, ಅಂದ್ರೆ ಗಸ್ತಿಗೆ, ಸೇರಿಸ್ಕೊಳ್ಳೋ ಪದ್ಧತಿ ನಮ್ಮ ಪೊಲೀಸ್‌ನಲ್ಲಿದೆ, ಲಾಕ್ಡ್ ಹೌಸ್ ಬೀಟ್ ಅಂತಾರೆ. ಸ್ಟೇಷನ್‌ಗೆ ಹೋಗಿ ವಿಳಾಸ, ಎಷ್ಟು ದಿನ, ನಿಮ್ಮ ನಂಬರು, ಪಕ್ಕದ ಮನೆಯವರ ನಂಬರು ಬರೆದು ಕೊಡಿ. ಇದು ಪುಕ್ಕಟೆ. ಬೀಟ್ ಪೊಲೀಸರ ಮೊಬೈಲ್ ನಂಬರ್ ಕೇಳಿ ಸೇವ್ ಮಾಡ್ಕೊಳ್ಳಿ, ಕೊಡ್ತಾರೆ.

ಸಿಸಿಟಿವಿ ಹಾಕ್ಸಿದ್ರೆ ಕಳ್ಳತನ ಆಗಲ್ಲ ಅಲ್ವಾ?

ಆಗುತ್ತೆ. ಮಂಕಿ ಕ್ಯಾಪು, ಮಾಸ್ಕು ಹಾಕ್ಕೊಂಡು ಬರ್ತಾರೆ, ಕ್ಯಾಮೆರಾ ನೋಡಿ ಕೈಬೀಸಿ ಹೋದೋರೂ ಇದಾರೆ. ಕ್ಯಾಮೆರಾ ಇರೋದು ಕಳ್ಳನಿಗೆ ಪಕ್ಕದ ಮನೆಗೆ ಹೋಗು ಅಂತ ಹೇಳೋಕೆ, ಆಮೇಲೆ ಪೊಲೀಸರಿಗೆ ಬೈಕು, ನಡಿಗೆ, ಟೈಮು ಗೊತ್ತಾಗೋಕೆ ಉಪಯೋಗ. ಬಾಗಿಲಿಗೆ ಬದಲಿ ಅಲ್ಲ.

ಹಾಕ್ಸೋದಾದ್ರೆ ಸ್ವಲ್ಪ ಯೋಚನೆ ಮಾಡಿ ಹಾಕ್ಸಿ. ಎಲ್ಲರೂ ತೀರಾ ಎತ್ತರಕ್ಕೆ ಹಾಕ್ಸ್ತಾರೆ, ಆಮೇಲೆ ವಿಡಿಯೋದಲ್ಲಿ ಟೋಪಿ ಮಾತ್ರ ಕಾಣುತ್ತೆ, ಗೇಟಿಗೆ ಒಂದಾದ್ರೂ ಮುಖ ಕಾಣೋ ಎತ್ತರದಲ್ಲಿರ್ಲಿ. ರೆಕಾರ್ಡ್ ಮಾಡೋ ಡಬ್ಬ ಇರುತ್ತಲ್ಲ, ಡಿವಿಆರ್ ಅಂತಾರೆ, ಅದನ್ನ ಟಿವಿ ಪಕ್ಕ ಶೋಕೇಸಲ್ಲಿ ಇಡ್ತಾರೆ, ಕಳ್ಳ ಹೋಗ್ತಾ ಅದನ್ನೂ ಬ್ಯಾಗಿಗೆ ಹಾಕ್ಕೊಂಡು ಹೋಗ್ತಾನೆ, ನಿಮ್ಮ ಸಾಕ್ಷಿ ಅವನ ಮನೇಲಿ. ಅಟ್ಟದ ಮೇಲೆ ಗಾಳಿ ಆಡೋ ಜಾಗದಲ್ಲಿ ಬಚ್ಚಿಡಿ, ಇಲ್ಲಾ ಮೊಬೈಲ್‌ಗೂ ಕ್ಲೌಡ್‌ಗೂ ಹೋಗೋ ಥರ ಮಾಡ್ಸಿ. ಕರೆಂಟ್ ಹೋದ್ರೆ ವೈಫೈ ರೂಟರ್ ಆಫ್, ರೂಟರ್ ಆಫ್ ಆದ್ರೆ ಮೊಬೈಲ್‌ಗೆ ಏನೂ ಬರಲ್ಲ, ಅದಕ್ಕೆ ರೂಟರ್‌ಗೂ ಕ್ಯಾಮೆರಾಗೂ ಸಣ್ಣ ಯುಪಿಎಸ್ ಬೇಕು. ಪಾಸ್‌ವರ್ಡ್ ಕಂಪನಿ ಕೊಟ್ಟಿದ್ದೇ ಇಟ್ಕೋಬೇಡಿ. ಲೆನ್ಸ್ ಮುಂದೆ ಜೇಡರ ಬಲೆ ಕಟ್ಟಿದ್ರೆ ರಾತ್ರಿಯೆಲ್ಲಾ ಸುಮ್ಸುಮ್ನೆ ಅಲರ್ಟ್ ಬರುತ್ತೆ, ಬೇಜಾರಾಗಿ ನೀವು ಅಲರ್ಟ್ ಆಫ್ ಮಾಡ್ತೀರಿ, ಅಲ್ಲಿಗೆ ಮುಗೀತು. ಆಗಾಗ ಒರೆಸಿ.

ಎದುರು ಮನೆ ಬಾಗಿಲಿಗೆ, ಬೆಡ್‌ರೂಮ್ ಕಿಟಕಿಗೆ ತಿರುಗಿಸಿ ಇಡ್ಬೇಡಿ, ಜಗಳಕ್ಕೆ ದಾರಿ. ನಾಳೆ ನಿಮ್ಮ ಮನೆ ಕಡೆ ಕಣ್ಣಿಟ್ಟು ನೋಡ್ಬೇಕಾದೋರೇ ಅವರು.

ನಾಯಿ ಸಾಕಿದ್ರೆ?

ಬೊಗಳೋ ನಾಯಿ ಒಳ್ಳೆ ಅಲಾರಂ, ಮುಧೋಳವೇ ಬೇಕು ಅಂತಿಲ್ಲ, ಬೀದಿ ನಾಯಿಗೆ ದಿನಾ ಅನ್ನ ಹಾಕಿದ್ರೂ ಕೂಗುತ್ತೆ. ಆದ್ರೆ ಊರಿಗೆ ಹೋಗುವಾಗ ನಾಯಿನ ಹಾಸ್ಟೆಲ್‌ಗೆ ಬಿಡ್ತೀರಿ, ನಾಯಿ ಬೇಕಾಗಿರೋದು ಆವಾಗ್ಲೇ.

ಒಡವೆ ಎಲ್ಲಿಡೋದು? ಅಕ್ಕಿ ಡಬ್ಬ, ದೇವರ ಮನೆ?

ಬೀರು, ಹಾಸಿಗೆ ಕೆಳಗೆ, ಸೀರೆ ಮಡಿಕೆ, ಅಕ್ಕಿ ಡಬ್ಬ, ದೇವರ ಫೋಟೊ ಹಿಂದೆ, ಎಲ್ಲಾ ಅವರಿಗೆ ಗೊತ್ತಿರೋ ಜಾಗ. ಕಳ್ಳತನ ಆದ ಮನೇಲಿ ಮೊದಲು ಕಾಣೋದು ನೆಲದ ಮೇಲೆ ಸುರಿದಿರೋ ಸೀರೆ ರಾಶಿನೇ. ಬೀರು ಕೀನ ಬೀರು ಮೇಲೇ ಇಡೋ ಅಭ್ಯಾಸ ಬಿಡಿ. ದಿನಾ ಹಾಕೋದು ಬಿಟ್ಟು ಮಿಕ್ಕಿದ್ದು ಬ್ಯಾಂಕ್ ಲಾಕರ್‌ಗೆ. ಮನೇಲಿ ಸಣ್ಣ ಸೇಫ್ ಇಡ್ತೀರಿ ಅಂದ್ರೆ ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕ್ಸಿ, ಇಲ್ಲಾಂದ್ರೆ ಇಬ್ಬರು ಸೇರಿ ಸೇಫೇ ಎತ್ಕೊಂಡು ಹೋಗ್ತಾರೆ.

ಪ್ರತಿ ಒಡವೆ ಫೋಟೊ ತೆಗೆದಿಡಿ, ಬಿಲ್ ಸ್ಕ್ಯಾನ್ ಮಾಡಿ ಮೇಲ್‌ನಲ್ಲಿಡಿ. ಹೊಸ ಒಡವೆ ಮೇಲೆ ಆರು ಅಕ್ಷರ ಅಂಕಿಯ ಎಚ್‌ಯುಐಡಿ ನಂಬರ್ ಇರುತ್ತೆ, 2023ರ ಏಪ್ರಿಲ್ 1ರಿಂದ ಅಂಗಡಿಯವರು ಮಾರೋ ಹಾಲ್‌ಮಾರ್ಕ್ ಚಿನ್ನಕ್ಕೆ ಅದು ಇರಲೇಬೇಕು, ಅದನ್ನೂ ಬರೆದಿಡಿ. ಕರಗಿಸದೇ ಸಿಕ್ಕಿದ್ರೆ ಇದು ನಮ್ಮದೇ ಅಂತ ತೋರ್ಸೋಕೆ ಇದಕ್ಕಿಂತ ಸಾಕ್ಷಿ ಇಲ್ಲ.

ಬ್ಯಾಂಕಿಗೇ ಕನ್ನ ಹಾಕಿದ್ರೆ?

ನ್ಯಾಯವಾದ ಪ್ರಶ್ನೆ, 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆ ನ್ಯಾಮತಿಯ ಎಸ್‌ಬಿಐನಲ್ಲಿ ಕಿಟಕಿ ಗ್ರಿಲ್ ತೆಗೆದು ನುಗ್ಗಿ 17 ಕೆಜಿಗಿಂತ ಜಾಸ್ತಿ ಅಡವಿಟ್ಟ ಚಿನ್ನ ಹೊತ್ಕೊಂಡು ಹೋಗಿದ್ರು, ಮಾರನೇ ವರ್ಷ ಪೊಲೀಸರು ಅದನ್ನ ತಮಿಳುನಾಡಿನ ಮಧುರೈ ಕಡೆ ಬಾವಿಯಿಂದ ತೆಗೆದ್ರು. ಲಾಕರ್ ವಿಷಯಕ್ಕೆ ಬಂದ್ರೆ ರಿಸರ್ವ್ ಬ್ಯಾಂಕ್ ನಿಯಮ 2022ರ ಜನವರಿಯಿಂದ ಬದಲಾಗಿದೆ. ಕಳ್ಳತನ, ದರೋಡೆ, ಬೆಂಕಿ, ಕಟ್ಟಡ ಕುಸಿತ, ಸಿಬ್ಬಂದಿ ಮೋಸ ಇವುಗಳಿಂದ ನಷ್ಟ ಆದ್ರೆ ಬ್ಯಾಂಕ್ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಕೊಡ್ಬೇಕು. ಅಂದ್ರೆ ಬಾಡಿಗೆ 3,000 ಇದ್ರೆ ಮೂರು ಲಕ್ಷ, ಒಳಗೆ ಮೂವತ್ತು ಲಕ್ಷದ ಚಿನ್ನ ಇದ್ರೂ ಅಷ್ಟೇ. ಹಾಗಿದ್ರೂ ಬೀರುಗಿಂತ ಲಾಕರ್ ವಾಸಿ ಅನ್ನೋದೇ ನನ್ನ ಅಭಿಪ್ರಾಯ.

ಹೋಮ್ ಇನ್ಶೂರೆನ್ಸ್ ಇದೆ, ಕಳ್ಳತನಕ್ಕೂ ಬರುತ್ತಲ್ವಾ?

ಪಾಲಿಸಿ ತೆಗೆದು ಓದಿ. 2021ರಿಂದ ಎಲ್ಲಾ ಕಂಪನಿಯವರೂ ಮಾರೋ ಭಾರತ್ ಗೃಹ ರಕ್ಷಾ ಮುಖ್ಯವಾಗಿ ಬೆಂಕಿ, ಪ್ರವಾಹ, ಭೂಕಂಪ ಇಂಥದ್ದಕ್ಕೆ. ಅಂಥ ಅನಾಹುತ ಆಗಿ ಏಳು ದಿನದೊಳಗೆ ಅದರಿಂದಾಗಿ ಕಳ್ಳತನ ಆದ್ರೆ ಅದಕ್ಕೆ ಬರುತ್ತೆ, ಮಾಮೂಲಿ ಕಳ್ಳತನಕ್ಕೆ ಬರ್ಗ್ಲರಿ ಕವರ್ ಬೇರೆ ಸೇರಿಸ್ಕೋಬೇಕು. ಬರ್ಗ್ಲರಿ ಕವರ್‌ನಲ್ಲೂ ಬಾಗಿಲೋ ಕಿಟಕಿಯೋ ಒಡೆದು ನುಗ್ಗಿದ ಗುರುತು ಕೇಳ್ತಾರೆ, ಕೀ ಹೂಕುಂಡದ ಕೆಳಗಿಟ್ಟು ಹೋಗಿದ್ರೆ ಕ್ಲೇಮ್ ಕಷ್ಟ. ಒಡವೆಗೆ ಸಾಮಾನ್ಯವಾಗಿ ಬೇರೆಯಾಗಿ ಬರೆಸ್ಬೇಕು. ಮನೆ 30 ದಿನಕ್ಕಿಂತ ಜಾಸ್ತಿ ಖಾಲಿ ಇದ್ರೆ ಕೆಲವು ಪಾಲಿಸೀಲಿ ಷರತ್ತು ಇರುತ್ತೆ, ಅಮೆರಿಕಾದಲ್ಲಿ ಮಗನ ಮನೆಗೆ ಆರು ತಿಂಗಳು ಹೋಗೋರು ಇದನ್ನ ನೋಡ್ಕೊಳ್ಳಿ.

ಕೆಲಸದವರು, ಬಾಡಿಗೆದಾರರ ಬಗ್ಗೆ ಏನ್ ಎಚ್ಚರ?

ಯಾವ ಊರಿನೋರು, ಯಾವ ಭಾಷೆಯೋರು ಅಂತ ನೋಡಿ ಅನುಮಾನ ಪಡೋದು ಕೆಲಸಕ್ಕೆ ಬಾರದ ಬುದ್ಧಿ. ಫೋಟೊ, ಆಧಾರ್ ಕಾಪಿ, ಹಿಂದೆ ಕೆಲಸ ಮಾಡಿದ ಮನೆಯ ನಂಬರ್ ತಗೊಂಡು ಒಂದು ಫೋನ್ ಮಾಡಿ, ಪೊಲೀಸ್ ವೆರಿಫಿಕೇಶನ್‌ಗೂ ಕೊಡಿ. ಬೀರು ತೆಗೆಯೋದು ಯಾರ ಮುಂದೇನೂ ಬೇಡ, ನೆಂಟರ ಮುಂದೇನೂ ಬೇಡ. ಹಳೇ ಬಾಡಿಗೆದಾರರು ಖಾಲಿ ಮಾಡಿದ ಮೇಲೆ ಬೀಗದ ಸಿಲಿಂಡರ್ (ಕೀ ಹಾಕಿ ತಿರುಗಿಸೋ ಭಾಗ) ಬದಲಾಯಿಸಿ, ಪೂರ್ತಿ ಬೀಗ ಬದಲಾಯಿಸೋದು ಬೇಕಾಗಿಲ್ಲ. ಒಡವೆ ಪಾಲಿಶ್ ಮಾಡಿ ಕೊಡ್ತೀವಿ ಅಂತ ಬರೋರನ್ನ ಗೇಟಿಂದಾನೇ ಕಳ್ಸಿ.

ಕಾಂಪೌಂಡ್ ಮೇಲೆ ತಂತಿ ಎಳೆದು ಕರೆಂಟ್ ಬಿಡಬಹುದಾ?

ಬೇಡವೇ ಬೇಡ. ಮನೆ ಲೈನಿಂದ ನೇರ ಕರೆಂಟ್ ಕೊಟ್ಟು ಯಾರಾದ್ರೂ ಸತ್ರೆ, ಅದು ಬಾಲ್ ತೆಗೆಯೋಕೆ ಹತ್ತಿದ ಹುಡುಗನೂ ಆಗಬಹುದು, ಜೈಲಿಗೆ ಹೋಗೋದು ನೀವು.

ರಾತ್ರಿ ಮನೇಲಿದ್ದಾಗ್ಲೇ ಕಳ್ಳ ಬಂದ್ರೆ? ಹೊಡೀಬಹುದಾ?

ಮೊದಲು ಲೈಟೆಲ್ಲಾ ಹಾಕಿ ಜೋರಾಗಿ ಕೂಗಿ, ಮಕ್ಕಳು ವಯಸ್ಸಾದೋರನ್ನ ಒಂದು ರೂಮಿಗೆ ಸೇರಿಸಿ ಒಳಗಡೆಯಿಂದ ಚಿಲಕ ಹಾಕಿ, 112ಕ್ಕೆ ಫೋನ್ ಮಾಡಿ. ಚಿನ್ನಕ್ಕೋಸ್ಕರ ಅಡ್ಡ ನಿಲ್ಬೇಡಿ, ಅವನ ಕೈಯಲ್ಲಿ ಮಚ್ಚಿರುತ್ತೋ ಏನಿರುತ್ತೋ.

ಕಾನೂನು ನಿಮ್ಮ ಕಡೆ ಇಲ್ಲ ಅಂತಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ (ಹಳೇ ಐಪಿಸಿ ಬದಲು ಬಂದಿರೋದು) ಆತ್ಮರಕ್ಷಣೆ, ಆಸ್ತಿ ರಕ್ಷಣೆ ಹಕ್ಕಿದೆ, ಸೂರ್ಯ ಮುಳುಗಿದ ಮೇಲೆ ಹುಟ್ಟೋ ಮುಂಚೆ ಮನೆ ಒಡೆದು ನುಗ್ಗೋನ ವಿಷಯದಲ್ಲಿ 41ನೇ ಸೆಕ್ಷನ್ ಆ ಹಕ್ಕನ್ನ ದೊಡ್ಡದಾಗೇ ಕೊಟ್ಟಿದೆ. ಆದ್ರೆ ಎಷ್ಟು ಬೇಕೋ ಅಷ್ಟೇ. ಓಡಿ ಹೋಗ್ತಿರೋನನ್ನ ಅಟ್ಟಿಸ್ಕೊಂಡು ಹೋಗಿ ಕಂಬಕ್ಕೆ ಕಟ್ಟಿ ಬೀದಿಯವರೆಲ್ಲಾ ಹೊಡೆಯೋದು ರಕ್ಷಣೆ ಅಲ್ಲ, ಕೇಸು ನಿಮ್ಮ ಮೇಲೆ ಬೀಳುತ್ತೆ. ಹಿಡಿದ್ರೆ ತಡಮಾಡದೆ ಪೊಲೀಸರಿಗೆ ಒಪ್ಪಿಸ್ಬೇಕು, ಹೊಸ ಕಾನೂನಲ್ಲಿ ಹೆಚ್ಚೆಂದ್ರೆ ಆರು ಗಂಟೆ. ಅವನಿಗೆ ಶಿಕ್ಷೆ ಏನ್ ಕಮ್ಮಿ ಇಲ್ಲ, ಕದಿಯೋಕೆ ಅಂತ ರಾತ್ರಿ ಮನೆ ಒಡೆದು ನುಗ್ಗಿದ್ರೆ 14 ವರ್ಷದವರೆಗೂ ಆಗಬಹುದು.

ವಾಟ್ಸಾಪ್‌ನಲ್ಲಿ ಚಡ್ಡಿ ಗ್ಯಾಂಗ್ ಬಂದಿದೆ ಅಂತ ಮೆಸೇಜ್ ಬರ್ತಿದೆ, ನಿಜಾನಾ?

ಅಂಥ ಗ್ಯಾಂಗ್ ಇರೋದು ನಿಜ, 2024ರ ಜುಲೈನಲ್ಲಿ ಮಂಗಳೂರಲ್ಲಿ ವಯಸ್ಸಾದ ದಂಪತಿ ಮನೆಗೆ ನುಗ್ಗಿದ್ದವರು ಅದೇ ದಿನ ಸಕಲೇಶಪುರದಲ್ಲಿ ಸಿಕ್ಕಿಬಿದ್ರು. ಆದ್ರೆ ನಿಮ್ಮ ಗ್ರೂಪಿಗೆ ಬರೋ ಆಡಿಯೋ ಯಾವ ವರ್ಷದ್ದೋ, ಯಾವ ರಾಜ್ಯದ್ದೋ. 2018ರಲ್ಲಿ ಬೀದರ್ ಜಿಲ್ಲೆ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನೋ ವಾಟ್ಸಾಪ್ ಸುದ್ದಿ ನಂಬಿ ಹೈದರಾಬಾದಿನ ಒಬ್ಬ ಯುವಕನ್ನ ಜನ ಹೊಡೆದು ಸಾಯಿಸಿದ್ರು. ಫಾರ್ವರ್ಡ್ ಮಾಡೋ ಮುಂಚೆ ಬೀಟ್ ಪೊಲೀಸರಿಗೆ ಒಂದು ಫೋನ್ ಮಾಡಿ ಕೇಳಿ.

ಕಳ್ಳತನ ಆಗೋಗಿದೆ. ಈಗೇನ್ ಮಾಡೋದು?

ಬಾಗಿಲು ತೆರೆದಿರೋದು ಕಂಡ್ರೆ ಒಳಗೆ ಹೋಗ್ಬೇಡಿ, ಅವನು ಇನ್ನೂ ಒಳಗಿರಬಹುದು. ಹೊರಗೇ ನಿಂತು 112. ಪೊಲೀಸರು ಬರೋವರೆಗೂ ಏನೂ ಮುಟ್ಬೇಡಿ, ಸೀರೆ ಎತ್ತಿಡೋದು, ಬೀರು ಬಾಗಿಲು ಹಾಕೋದು, ನೆಲ ಗುಡಿಸೋದು ಬೇಡ, ಬೆರಳಚ್ಚಿನವರು, ಶ್ವಾನ ದಳದವರು ಬರ್ಬೇಕು. ನೆಂಟರೆಲ್ಲಾ ಬಂದು ರೂಮ್ ತುಂಬಾ ಓಡಾಡಿದ್ರೆ ನಾಯಿ ಪಾಪ ಏನ್ ಮೂಸುತ್ತೆ.

ಕಂಪ್ಲೇಂಟ್ ಕೊಡುವಾಗ ಗಾಬರೀಲಿ ಬಾಯಿಗೆ ಬಂದ ಗ್ರಾಂ ಹೇಳ್ಬೇಡಿ, ಬಿಲ್ ನೋಡಿ ಹೇಳಿ, ಮರೆತಿದ್ದು ಆಮೇಲೆ ಹೇಳಿಕೆಯಲ್ಲಿ ಸೇರಿಸಬಹುದು. ಎಫ್‌ಐಆರ್ ಕಾಪಿ ಪುಕ್ಕಟೆ ಕೊಡ್ಬೇಕು, ಕೇಳಿ ತಗೊಳ್ಳಿ. ನಮ್ಮ ಲಿಮಿಟ್ ಅಲ್ಲ ಅಂತ ಯಾವ ಸ್ಟೇಷನ್‌ನವರೂ ವಾಪಸ್ ಕಳ್ಸೋ ಹಾಗಿಲ್ಲ. ಚೆಕ್ ಬುಕ್, ಕಾರ್ಡು ಹೋಗಿದ್ರೆ ಬ್ಯಾಂಕಿಗೆ ಅವತ್ತೇ ಹೇಳಿ, ಫೋನ್ ಹೋಗಿದ್ರೆ ಸರ್ಕಾರದ ಸಿಇಐಆರ್ ವೆಬ್‌ಸೈಟಲ್ಲಿ ಬ್ಲಾಕ್ ಮಾಡಿ. ಕ್ಯಾಮೆರಾ ಫುಟೇಜು ಒಂದೆರಡು ವಾರಕ್ಕೆ ತಾನೇ ಅಳಿಸಿ ಹೋಗುತ್ತೆ, ಅಕ್ಕಪಕ್ಕದವರದ್ದೂ ಬೇಗ ಕಾಪಿ ಮಾಡ್ಸಿ. ಇನ್ಶೂರೆನ್ಸ್ ಇದ್ರೆ ಅವರಿಗೂ ತಕ್ಷಣ ತಿಳ್ಸಿ. ಕಳ್ಳ ಸಿಗದೇ ಹೋದ್ರೆ ಪೊಲೀಸರು ಹಾಕೋ ಸಿ ರಿಪೋರ್ಟ್ ಇನ್ಶೂರೆನ್ಸಿನವರು ಕೇಳ್ತಾರೆ, ಅದರ ಕಾಪಿ ಬೇಕಾಗುತ್ತೆ.

ಒಡವೆ ಸಿಕ್ತು ಅಂತ ಫೋನ್ ಬಂತು, ಕೇಸ್ ಮುಗಿಯೋವರೆಗೂ ಕಾಯ್ಬೇಕಾ?

ಬೇಡ. ಬಿಲ್, ಫೋಟೊ ಇಟ್ಕೊಂಡು ವಕೀಲರ ಮೂಲಕ ಕೋರ್ಟಿಗೆ ಅರ್ಜಿ ಹಾಕಿ, ಕೋರ್ಟ್ ಬೇಕಾದಾಗ ತಂದು ತೋರಿಸ್ತೀವಿ ಅಂತ ಬಾಂಡ್ ಬರೆಸ್ಕೊಂಡು ಬಿಡುಗಡೆ ಮಾಡ್ತಾರೆ. ಚಿನ್ನದಂಥ ವಸ್ತು ವರ್ಷಗಟ್ಟಲೆ ಸ್ಟೇಷನ್‌ನಲ್ಲಿ ಇಟ್ಕೋಬಾರ್ದು, ಫೋಟೊ ತೆಗೆದು ಪಟ್ಟಿ ಮಾಡಿ ಮಾಲೀಕರಿಗೆ ಕೊಡಿ ಅಂತ 2002ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಎಸ್‌ಪಿ ಆಫೀಸಲ್ಲಿ ಪ್ರಾಪರ್ಟಿ ಪರೇಡ್ ಮಾಡಿ ಫೋಟೊಗೆ ನಿಲ್ಸಿ ವಾಪಸ್ ಕೊಡೋದನ್ನ ನೋಡಿರ್ತೀರಲ್ಲ, ಅದು ಹೀಗೆ ಕೋರ್ಟ್ ಅನುಮತಿ ಆದ ಮೇಲೇನೇ. ಕರಗಿಸಿ ಗಟ್ಟಿ ಮಾಡಿದ್ರೆ ಗಟ್ಟಿಯೇ ಬರುತ್ತೆ, ಅಜ್ಜಿ ಕೊಟ್ಟ ಅವಲಕ್ಕಿ ಸರ ಬರಲ್ಲ.

ಕೀ ಕಳೆದು ಹೋಗಿದೆ, ಡೂಪ್ಲಿಕೇಟ್ ಮಾಡ್ಸಿದ್ರೆ ಸಾಕಾ?

ಬಾವೀಲೋ ಕೆರೇಲೋ ಬಿದ್ದಿದ್ದು ಕಣ್ಣಾರೆ ನೋಡಿದ್ರೆ ಸಾಕು. ಬಸ್ಸಲ್ಲೋ ಮಾರ್ಕೆಟಲ್ಲೋ, ಅದೂ ವಿಳಾಸ ಇರೋ ಪರ್ಸ್ ಜೊತೆ ಹೋಗಿದ್ರೆ ಅವತ್ತು ಸಂಜೆನೇ ಸಿಲಿಂಡರ್ ಬದಲಾಯಿಸಿ. ಬೀಗದ ಕಂಪನಿ ಹೆಸರು ಮತ್ತೆ ಸಿಲಿಂಡರ್ ಉದ್ದ ಅಳತೆ ಮಾಡ್ಕೊಂಡು ಬನ್ನಿ, ಸುಮ್ನೆ "ಇಷ್ಟುದ್ದ ಇರುತ್ತೆ" ಅಂತ ಬೆರಳಲ್ಲಿ ತೋರಿಸಿದ್ರೆ ಎರಡು ಸಲ ಅಂಗಡಿಗೆ ಓಡಾಡ್ಬೇಕಾಗುತ್ತೆ.